ಜೋಡಿ ಕಡತ ಎಲ್ಲಿದೆ? ಕನ್ನಡ ಸುದ್ದಿಮನೆಗಳ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ತಜ್ಞ ಸಾಕ್ಷಿಯಾಗಿ ಕಟಕಟೆ ಹತ್ತಿದ್ದೆ. ತನಗೆ ಬರುತ್ತಿದ್ದ ಬೆದರಿಕೆ ಕರೆಗಳನ್ನು ಒಬ್ಬ ಹೆಣ್ಣುಮಗಳು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಇಟ್ಟುಕೊಂಡಿದ್ದರು. ಆ ಕಡತಗಳ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತದ ಬೆರಳಚ್ಚಿನಂಥ ಸಂಖ್ಯೆಯನ್ನು, ಶಾ-256 ಎಂಬ ವಿಧಾನದಿಂದ ಲೆಕ್ಕ ಮಾಡಿ, ಪ್ರಮಾಣಪತ್ರದಲ್ಲಿ ತಜ್ಞರು ತುಂಬಬೇಕಾದ ‘ಬಿ’ ಭಾಗದಲ್ಲಿ ಬರೆದು ಸಹಿ ಹಾಕಿದವನು ನಾನು. ಪಾಟಿ ಸವಾಲಿಗೆ ಎದ್ದ ವಕೀಲರು ಒಂದು ಕನ್ನಡ ಸುದ್ದಿಯ ಮುದ್ರಿತ ಪ್ರತಿಯನ್ನು ಮೇಲೆತ್ತಿ ಹಿಡಿದರು. “ಈ ಶಾ-256 ಎಂಬುದನ್ನು ಒಡೆದಾಗಿದೆ ಎಂದು ಪತ್ರಿಕೆಯಲ್ಲೇ ಬಂದಿದೆ. ಹಾಗಿದ್ದ ಮೇಲೆ ನಿಮ್ಮ ಪ್ರಮಾಣಪತ್ರಕ್ಕೆ ಏನು ಬೆಲೆ?” ಎಂದರು.

ನ್ಯಾಯಾಧೀಶರು ನನ್ನತ್ತ ನೋಡಿದರು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಆ ಹೆಣ್ಣುಮಗಳು ಕೈಯಲ್ಲಿದ್ದ ಚೀಲವನ್ನು ಎದೆಗೆ ಒತ್ತಿಕೊಂಡದ್ದು ನನಗೆ ಕಾಣಿಸಿತು. “ಆ ಸುದ್ದಿಯಲ್ಲಿ ಒಂದೇ ಹ್ಯಾಶ್ ಬರುವ ಎರಡು ಬೇರೆ ಬೇರೆ ಕಡತಗಳನ್ನು ಕೊಟ್ಟಿದ್ದಾರೆಯೇ, ಸ್ವಾಮಿ? ಕೊಟ್ಟಿದ್ದರೆ ಇಲ್ಲೇ, ಈಗಲೇ ಪರೀಕ್ಷಿಸಿ ಹೇಳುತ್ತೇನೆ” ಎಂದೆ. ಸುದ್ದಿಯನ್ನು ತಿರುವಿ ನೋಡಿದರು. ಕೊಟ್ಟಿರಲಿಲ್ಲ. ಯಾರೋ ಎಲ್ಲೋ ಹೇಳಿಕೊಂಡದ್ದನ್ನು ಬೇರೊಂದು ಕಡೆಯವರು ಬರೆದಿದ್ದರು, ಅದನ್ನು ನಮ್ಮವರು ಕನ್ನಡಕ್ಕೆ ತಂದಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಾತಿದೆಯಲ್ಲ, ಆ ರೀತಿ ಆಗಿತ್ತು.

ವಕೀಲರ ಮೇಲೆ ನನಗೆ ಯಾವ ದೂರೂ ಇಲ್ಲ. ತಮ್ಮ ಕಕ್ಷಿದಾರನ ಪರವಾಗಿ ಸಿಕ್ಕ ಪ್ರತಿಯೊಂದು ಎಳೆಯನ್ನೂ ಜಗ್ಗಿ ನೋಡುವುದು ಅವರ ಕೆಲಸ. ಈ ಪತ್ರ ನಿಮಗೆ. ಏಕೆಂದರೆ ಆ ಎಳೆ ಹೊರಟದ್ದು ಸುದ್ದಿಮನೆಯಿಂದ, ಮತ್ತು ಮುಂದಿನ ಸಲ ಕಟಕಟೆಯಲ್ಲಿ ನಿಲ್ಲುವವರಿಗೆ ಮರುಪ್ರಶ್ನೆ ಹಾಕುವುದು ಹೊಳೆಯದೆ ಹೋಗಬಹುದು.

ಹ್ಯಾಶ್ ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ಎಷ್ಟೇ ದೊಡ್ಡ ಕಡತವಾಗಲಿ, ಎರಡು ಸಾಲಿನ ಪತ್ರವಾಗಲಿ, ಮೂರು ಗಂಟೆಯ ವಿಡಿಯೊ ಆಗಲಿ, ಅದನ್ನು ಅರೆದು ನಿಗದಿತ ಉದ್ದದ ಒಂದು ಸಂಖ್ಯೆ ಕೊಡುವ ಲೆಕ್ಕಾಚಾರ ಅದು. ಶಾ-256ರಲ್ಲಿ ಆ ಸಂಖ್ಯೆಯ ಉದ್ದ 256 ಬಿಟ್, ಅಂದರೆ 256 ಸೊನ್ನೆ-ಒಂದುಗಳು. ಬರೆದರೆ 0ಯಿಂದ 9ರವರೆಗಿನ ಅಂಕಿಗಳೂ ಇಂಗ್ಲಿಷಿನ ಎ-ಯಿಂದ ಎಫ್-ವರೆಗಿನ ಅಕ್ಷರಗಳೂ ಸೇರಿ 64 ಅಕ್ಷರ. ಇಂಗ್ಲಿಷಿನ ಎ, ಬಿ, ಸಿ ಎಂಬ ಮೂರು ಸಣ್ಣ ಅಕ್ಷರಗಳನ್ನು ಕೊಟ್ಟರೆ ‘ಬಿ, ಎ, 7, 8, 1, 6’ ಎಂದು ಶುರುವಾಗುವ ಉತ್ತರ ಬರುತ್ತದೆ. ಬೆಂಗಳೂರಿನಲ್ಲಿ ಮಾಡಿದರೂ ಬೀದರಿನಲ್ಲಿ ಮಾಡಿದರೂ, ಇಂದು ಮಾಡಿದರೂ ಹತ್ತು ವರ್ಷ ಬಿಟ್ಟು ಮಾಡಿದರೂ ಅದೇ ಉತ್ತರ. ಒಂದೇ ಒಂದು ಅಕ್ಷರ ತಿದ್ದಿದರೆ ಗುರುತೇ ಸಿಗದಷ್ಟು ಬೇರೆಯದಾಗುತ್ತದೆ.

ಜಪ್ತಿ ಮಾಡಿದ ಪೆನ್‌ಡ್ರೈವಿನ ಹ್ಯಾಶನ್ನು ಮಹಜರಿಗೆ ಇಳಿಸುವುದನ್ನು ನೀವು ಒಮ್ಮೆ ನೋಡಬೇಕು. ಒಬ್ಬರು ಪರದೆ ನೋಡಿಕೊಂಡು ನಾಲ್ಕು ನಾಲ್ಕು ಅಕ್ಷರವಾಗಿ ಗಟ್ಟಿಯಾಗಿ ಓದುತ್ತಾರೆ, ಕಾನ್‌ಸ್ಟೆಬಲ್ ಕೈಯಲ್ಲಿ ಬರೆಯುತ್ತಾರೆ. ಹದಿನಾರು ಗುಂಪು. ‘ಬಿ’ ಮತ್ತು 8, ‘ಡಿ’ ಮತ್ತು 0 ಒಂದರಂತೆ ಇನ್ನೊಂದು ಕಂಡು ತಪ್ಪುವುದುಂಟು, ಆದ್ದರಿಂದ ಬರೆದದ್ದನ್ನು ಕಾನ್‌ಸ್ಟೆಬಲ್ ಮತ್ತೆ ಓದುತ್ತಾರೆ, ಪರದೆಯ ಮುಂದಿರುವವರು ಹೂಂಗುಟ್ಟುತ್ತಾರೆ. ಪಂಚರು ಸಹಿ ಹಾಕುತ್ತಾರೆ. ಎರಡು ವರ್ಷದ ನಂತರ ನ್ಯಾಯಾಲಯದಲ್ಲಿ ಅದೇ ಕಡತದ ಹ್ಯಾಶ್ ಅಕ್ಷರಕ್ಕೆ ಅಕ್ಷರ ತಾಳೆಯಾದರೆ, ನಡುವೆ ಯಾರೂ ಅದನ್ನು ಮುಟ್ಟಿಲ್ಲ ಎಂದು ಹೇಳುವ ಧೈರ್ಯ ನಮಗೆ ಬರುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 3ನೇ ಕಲಮಿನಲ್ಲೇ ಹ್ಯಾಶ್ ಫಂಕ್ಷನ್ ಎಂಬ ಮಾತಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ, ವಿದ್ಯುನ್ಮಾನ ದಾಖಲೆಯ ಜೊತೆ ಸಲ್ಲಿಸಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಬರೆಯಲು ಜಾಗವನ್ನೇ ಬಿಟ್ಟಿದ್ದಾರೆ. ಇದು ಗಣಿತಜ್ಞರ ಕೋಣೆಯೊಳಗಿನ ವಿಷಯವಾಗಿ ಉಳಿದಿಲ್ಲ.

ಹಾಗಾಗಿ ‘ಒಡೆದರು’ ಎಂಬ ಶೀರ್ಷಿಕೆ ಹಾಕುವ ಮೊದಲು ನೀವು ಕೇಳಬೇಕಾದ ಪ್ರಶ್ನೆ ಒಂದೇ: ಜೋಡಿ ಎಲ್ಲಿದೆ? ಎರಡು ಬೇರೆ ಕಡತಗಳು, ಎರಡಕ್ಕೂ ಒಂದೇ ಹ್ಯಾಶ್. ಇದಕ್ಕೆ ಕೊಲಿಷನ್ ಎನ್ನುತ್ತಾರೆ. ಹುಡುಕಲು ಎಷ್ಟು ವರ್ಷ ಬೇಕಾದರೂ ಹಿಡಿದಿರಲಿ, ಸಿಕ್ಕ ಮೇಲೆ ಪರೀಕ್ಷಿಸಲು ಒಂದು ನಿಮಿಷ ಸಾಕು. ತಂತ್ರ ಗುಟ್ಟಾಗಿರಲಿ, ಹೇಳಿದವರು ಯಾರೆಂದೇ ಗೊತ್ತಿಲ್ಲದಿರಲಿ, ಜೋಡಿಯನ್ನು ಮುಂದಿಟ್ಟರೆ ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ. ವೈದ್ಯಕೀಯದಲ್ಲಿ, ಅರ್ಥಶಾಸ್ತ್ರದಲ್ಲಿ ಒಂದು ಹೇಳಿಕೆಯನ್ನು ಒರೆಗೆ ಹಚ್ಚಲು ವರ್ಷಗಟ್ಟಲೆ ಬೇಕಾಗುತ್ತದೆ. ಇಲ್ಲಿ ನಿಮ್ಮ ಕಚೇರಿಯ ಸಾಮಾನ್ಯ ಕಂಪ್ಯೂಟರಿನಲ್ಲೇ ಸತ್ಯ ಗೊತ್ತಾಗುತ್ತದೆ. ಇಷ್ಟು ಸುಲಭದ ಪರೀಕ್ಷೆ ಇದ್ದೂ ಅದನ್ನು ಮಾಡದೆ ಅಚ್ಚು ಹಾಕುವುದು ನನಗೆ ನಿಜಕ್ಕೂ ನೋವು ಕೊಡುತ್ತದೆ.

ಹ್ಯಾಶ್ ಒಡೆಯುವುದೇ ಇಲ್ಲ ಎಂದು ವಾದಿಸಲು ನಾನು ಬಂದಿಲ್ಲ. ಒಡೆದಿವೆ. ಒಡೆದ ರೀತಿ ಹೇಗಿತ್ತು ಎಂಬುದನ್ನು ನೀವು ತಿಳಿಯಬೇಕು ಎಂಬುದೇ ನನ್ನ ಆಸೆ.

ಎಂಡಿ5 ಎಂಬ ಹ್ಯಾಶನ್ನು ರೊನಾಲ್ಡ್ ರಿವೆಸ್ಟ್ ರೂಪಿಸಿದರು. 1992ರಲ್ಲಿ ಅದು ಪ್ರಕಟವಾಗಿ ಜಗತ್ತಿನ ತುಂಬ ಹರಡಿತು. 1996ರಲ್ಲೇ ಜರ್ಮನಿಯ ಹಾನ್ಸ್ ಡಾಬರ್ಟಿನ್ ಅದರ ಒಳಭಾಗದಲ್ಲಿ ಬಿರುಕು ತೋರಿಸಿದ್ದರು. ಆದರೂ ಪೂರ್ತಿ ಎಂಡಿ5ಕ್ಕೆ ಜೋಡಿ ಸಿಕ್ಕಿರಲಿಲ್ಲ. 2004ರ ಆಗಸ್ಟ್‌ನಲ್ಲಿ, ಅಮೆರಿಕದ ಸಾಂಟಾ ಬಾರ್ಬರಾದಲ್ಲಿ ನಡೆದ ಕ್ರಿಪ್ಟೊ ಎಂಬ ಗೂಢಲಿಪಿ ತಜ್ಞರ ಸಮ್ಮೇಳನದ ಸಂಜೆಯ ಕಿರು ಭಾಷಣಗಳ ಸಭೆಯಲ್ಲಿ ಚೀನಾದ ವಾಂಗ್ ಷಿಯಾವ್‌ಯುನ್ ಮಾತನಾಡಲು ನಿಂತರು. ಆಗ ಶಾನ್‌ಡಾಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ. ಆ ಸಭೆಯಲ್ಲಿದ್ದ ಬಹುಪಾಲು ಜನರಿಗೆ ಅಪರಿಚಿತರು. ಅವರ ತಂಡ ಹಂಚಿದ ಬರಹದಲ್ಲಿ ತಂತ್ರದ ವಿವರಣೆ ಇರಲಿಲ್ಲ ಎನ್ನಬಹುದು. ಇದ್ದದ್ದು ಸಂಖ್ಯೆಗಳು, ಜೋಡಿಗಳು. ಮೊದಲ ಕರಡಿನಲ್ಲಿ ಒಂದು ತೊಡಕೂ ಇತ್ತು: ಎಂಡಿ5ರ ಆರಂಭದ ಸಂಖ್ಯೆಗಳನ್ನು ಬೈಟುಗಳ ಕ್ರಮ ತಿರುಗಿಸಿ ತೆಗೆದುಕೊಂಡಿದ್ದರು, ಆದ್ದರಿಂದ ಆ ಜೋಡಿ ನಿಜವಾದ ಎಂಡಿ5ಕ್ಕೆ ತಾಳೆಯಾಗುತ್ತಿರಲಿಲ್ಲ. ಪರೀಕ್ಷಿಸಿದವರು ಅದನ್ನು ತೋರಿಸಿಕೊಟ್ಟರು. ತಂಡ ವಾದಕ್ಕೆ ನಿಲ್ಲಲಿಲ್ಲ, ಯಾರ ಮೇಲೂ ಸಿಟ್ಟಾಗಲಿಲ್ಲ. ಸರಿಯಾದ ಸಂಖ್ಯೆಗಳಿಂದ ಹೊಸ ಜೋಡಿ ಮಾಡಿ ಕೊಟ್ಟಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಈ ಪ್ರಸಂಗವನ್ನು ನಾನು ಪಾಠ ಮಾಡುವಾಗಲೆಲ್ಲ ಹೇಳುತ್ತೇನೆ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಯಾವ ದೊಡ್ಡ ಸಂಸ್ಥೆಯ ಬೆಂಬಲವಿದೆ ಎಂದು ಕೇಳಲಿಲ್ಲ. ಜೋಡಿ ಕೇಳಿದರು, ಕೊಟ್ಟರು, ಮುಗಿಯಿತು. ‘ಸಂಶಯಪಡುವವರು ಹೊಸಬರನ್ನು ಬೆಳೆಯಲು ಬಿಡುವುದಿಲ್ಲ’ ಎಂದು ದೂರುವವರು ಈ ಸಂಜೆಯನ್ನು ನೆನೆಯಬೇಕು.

ಇದಕ್ಕೆ ಎದುರಾದ ಇನ್ನೊಂದು ಪ್ರಸಂಗ ಹ್ಯಾಶಿನದಲ್ಲ, ಆದರೆ ಪಕ್ಕದ ಮನೆಯದು. 2021ರ ಮಾರ್ಚ್‌ನಲ್ಲಿ ಕ್ಲಾಸ್ ಶ್ನೋರ್ ಎಂಬ ಹಿರಿಯ ಜರ್ಮನ್ ಗಣಿತಜ್ಞರ ಪ್ರಬಂಧವೊಂದು ಬಂತು. ಡಿಜಿಟಲ್ ಸಹಿಯ ಒಂದು ವಿಧಾನಕ್ಕೆ ಅವರ ಹೆಸರೇ ಇದೆ, ಅಷ್ಟು ದೊಡ್ಡವರು. ಇದು ದೊಡ್ಡ ಸಂಖ್ಯೆಯನ್ನು ಅಪವರ್ತಿಸುವ ಕಷ್ಟವನ್ನೇ ನಂಬಿ ನಿಂತಿರುವ ಆರ್‌ಎಸ್‌ಎ ಎಂಬ ಗೂಢಲಿಪಿ ವ್ಯವಸ್ಥೆಯನ್ನು ನಾಶಮಾಡುತ್ತದೆ ಎಂದು ಪ್ರಬಂಧದ ಸಾರಾಂಶ ಹೇಳಿತ್ತು. ಅಪವರ್ತಿಸಿ ತೋರಿಸಿದ ದೊಡ್ಡ ಸಂಖ್ಯೆ ಮಾತ್ರ ಅದರ ಜೊತೆ ಇರಲಿಲ್ಲ. ಲಿಯೊ ಡ್ಯುಕಾಸ್ ಎಂಬ ಸಂಶೋಧಕರು ಆ ವಿಧಾನವನ್ನು ಪ್ರೋಗ್ರಾಂ ಆಗಿ ಬರೆದು ಓಡಿಸಿ ನೋಡಿದರು. ಹೇಳಿದಂತೆ ಕೆಲಸ ಮಾಡಲಿಲ್ಲ. ದೊಡ್ಡ ಹೆಸರಿಗೂ ಅದೇ ಒರೆಗಲ್ಲು, ಅಪರಿಚಿತರಿಗೂ ಅದೇ.

ಶಾ-256ಕ್ಕಿಂತ ಹಳೆಯದಾದ ಶಾ-1 ಎಂಬ ಹ್ಯಾಶಿನ ಕಥೆ ಇನ್ನೂ ಚೆನ್ನಾಗಿದೆ. ವಾಂಗ್ ಮತ್ತು ಸಂಗಡಿಗರೇ 2005ರಲ್ಲಿ ಅದರ ದುರ್ಬಲತೆಯನ್ನು ಕಾಗದದ ಮೇಲೆ ತೋರಿಸಿದರು. ಕೈಗೆ ಜೋಡಿ ಸಿಕ್ಕಿದ್ದು ಹನ್ನೆರಡು ವರ್ಷದ ನಂತರ, 2017ರ ಫೆಬ್ರುವರಿ 23ರಂದು. ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಎಂಬ ಗಣಿತ-ಗಣಕ ಸಂಶೋಧನಾ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು ಎರಡು ಪಿಡಿಎಫ್ ಕಡತಗಳನ್ನು ಹೊರಗಿಟ್ಟರು. ಒಂದರ ಹಿನ್ನೆಲೆ ನೀಲಿ, ಇನ್ನೊಂದರದು ಕೆಂಪು, ಎರಡಕ್ಕೂ ಒಂದೇ ಶಾ-1 ಹ್ಯಾಶ್. ಅದಕ್ಕಾಗಿ ಅವರು ಮಾಡಿದ ಲೆಕ್ಕ ಸುಮಾರು 92 ಸಾವಿರ ಕೋಟಿ ಕೋಟಿ ಸಲ. ಆ ಎರಡು ಕಡತ ಈಗಲೂ ಸಿಗುತ್ತವೆ, ಇಳಿಸಿಕೊಂಡು ನೋಡಿ. ಶಾ-1 ಹಾಕಿದರೆ ಒಂದೇ ಉತ್ತರ. ಅವೇ ಕಡತಗಳಿಗೆ ಶಾ-256 ಹಾಕಿದರೆ ಎರಡು ಬೇರೆ ಉತ್ತರ. ನನ್ನ ತರಬೇತಿಗೆ ಬರುವ ಪೊಲೀಸ್ ಸಿಬ್ಬಂದಿ ಇದನ್ನು ತಮ್ಮ ಕೈಯಾರೆ ಮಾಡಿ ನೋಡಿದಾಗ ಅವರ ಮುಖದಲ್ಲಿ ಕಾಣುವ ಬೆಳಕು ಹತ್ತು ಭಾಷಣದಿಂದ ಬರುವುದಿಲ್ಲ.

ಅದೇ ದಿನ ನಡೆದ ಇನ್ನೊಂದು ಸಂಗತಿ ನಿಮ್ಮ ಗಮನಕ್ಕೆ ಬರಬೇಕು. ಪೀಟರ್ ಟಾಡ್ ಎಂಬ ಬಿಟ್‌ಕಾಯಿನ್ ತಂತ್ರಜ್ಞರು 2013ರ ಸೆಪ್ಟೆಂಬರಿನಲ್ಲಿ ಕೆಲವು ಹ್ಯಾಶ್‌ಗಳ ಮೇಲೆ ಬಹುಮಾನ ಇಟ್ಟಿದ್ದರು. ಹಣ ಬಿಟ್‌ಕಾಯಿನ್ ಜಾಲದಲ್ಲೇ ಬೀಗ ಹಾಕಿಕೊಂಡು ಕುಳಿತಿರುತ್ತದೆ. ಒಂದೇ ಹ್ಯಾಶಿನ ಎರಡು ಬೇರೆ ಸಂದೇಶಗಳನ್ನು ತೋರಿಸಿದವರಿಗೆ ತಾನಾಗಿ ತೆರೆದುಕೊಳ್ಳುತ್ತದೆ. ಅರ್ಜಿ ಇಲ್ಲ, ತೀರ್ಪುಗಾರರಿಲ್ಲ, ಹೆಸರು ಹೇಳಬೇಕಾಗಿಲ್ಲ. ಶಾ-1ರ ಜೋಡಿ ಹೊರಬಿದ್ದ ದಿನವೇ ಯಾರೋ ಆ ಬಹುಮಾನವನ್ನು, ಸುಮಾರು ಎರಡೂವರೆ ಬಿಟ್‌ಕಾಯಿನ್, ತೆಗೆದುಕೊಂಡರು. ಶಾ-256ರ ಮೇಲಿಟ್ಟ ಬಹುಮಾನ ಹಾಗೆಯೇ ಉಳಿದಿದೆ. 2019ರ ಸೆಪ್ಟೆಂಬರಿನಲ್ಲಿ ಅಮೆರಿಕದ ಒಂದು ಕಂಪನಿ ಶಾ-256 ಅನ್ನು ತನ್ನ ಪ್ರಯೋಗಾಲಯದಲ್ಲಿ ಒಡೆದಿದ್ದೇನೆ ಎಂದು ಪತ್ರಿಕಾ ಹೇಳಿಕೆ ಕೊಟ್ಟಾಗ, ಅದನ್ನು ಪ್ರಕಟಿಸಿದವರು ಇದೊಂದನ್ನು ನೋಡಿದ್ದರೂ ಸಾಕಿತ್ತು. ಆ ಹೇಳಿಕೆಯ ಜೊತೆ ಜೋಡಿ ಬರಲಿಲ್ಲ.

ನಿಮ್ಮ ಮೇಜಿಗೆ ಬರುವ ‘ಒಡೆದೆವು’ ಸುದ್ದಿಗಳ ಒಳಗೆ ಸಾಮಾನ್ಯವಾಗಿ ಏನಿರುತ್ತದೆ? ಒಂದು ಬಗೆ, ಹಿಂದಕ್ಕೆ ತಿರುಗಿಸಿದೆವು ಎನ್ನುವುದು. ಯಾವುದೋ ಜಾಲತಾಣದಲ್ಲಿ ಹ್ಯಾಶ್ ಹಾಕಿದರೆ ಮೂಲ ಪಾಸ್‌ವರ್ಡ್ ಬರುತ್ತದೆ, ಆದ್ದರಿಂದ ಹ್ಯಾಶ್ ಮುರಿದಿದೆ ಎಂಬ ತರ್ಕ. ಅಲ್ಲಿ ನಡೆಯುವುದು ಊಹೆ. ಮೊದಲೇ ಕೋಟ್ಯಂತರ ಪದಗಳ ಹ್ಯಾಶ್ ಮಾಡಿ ಪಟ್ಟಿ ಇಟ್ಟುಕೊಂಡಿರುತ್ತಾರೆ, ನೀವು ಕೊಟ್ಟದ್ದು ಪಟ್ಟಿಯಲ್ಲಿದ್ದರೆ ತೋರಿಸುತ್ತಾರೆ. ನಮ್ಮ ದೇಶದ ಮೊಬೈಲ್ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಹತ್ತು ಅಂಕಿ, ಮೊದಲನೆಯದು 6, 7, 8 ಅಥವಾ 9. ಒಟ್ಟು ಸಾಧ್ಯತೆ 400 ಕೋಟಿ. ಇಷ್ಟನ್ನೂ ಒಂದೊಂದಾಗಿ ಹ್ಯಾಶ್ ಮಾಡಿ ಹೋಲಿಸಲು ಸಾಧಾರಣ ಲ್ಯಾಪ್‌ಟಾಪಿಗೆ ಒಂದು ಗಂಟೆಯೂ ಬೇಡ. ‘ಗ್ರಾಹಕರ ಮೊಬೈಲ್ ಸಂಖ್ಯೆಯನ್ನು ಹ್ಯಾಶ್ ಮಾಡಿ ಇಟ್ಟಿದ್ದೇವೆ, ಯಾರಿಗೂ ತಿಳಿಯುವುದಿಲ್ಲ’ ಎಂದು ಯಾವ ಕಂಪನಿ ಹೇಳಿದರೂ ನಂಬಬೇಡಿ. ಅದು ಸುದ್ದಿ, ದಯವಿಟ್ಟು ಅದನ್ನು ಬರೆಯಿರಿ. ಆದರೆ ಅಲ್ಲಿ ಸೋತದ್ದು ಆ ಕಂಪನಿಯ ಬುದ್ಧಿ. ಶಾ-256ಕ್ಕೆ ಏನೂ ಆಗಿಲ್ಲ.

ಇನ್ನು ಕೆಲವರು ಜೋಡಿಗಳು ಇದ್ದೇ ಇವೆ ಎಂದು ಗಣಿತದಿಂದ ಸಾಬೀತು ಮಾಡಿ ತರುತ್ತಾರೆ. ಹೌದು, ಇವೆ. ಕಡತಗಳಿಗೆ ಕೊನೆಯಿಲ್ಲ, ಹ್ಯಾಶ್‌ಗಳಿಗೆ ಮಿತಿಯಿದೆ. ಗೂಡಿಗಿಂತ ಪಾರಿವಾಳ ಹೆಚ್ಚಾದರೆ ಯಾವುದಾದರೂ ಗೂಡಿನಲ್ಲಿ ಎರಡು ಕೂರಲೇಬೇಕು. ಇದರಲ್ಲಿ ಹೊಸದೇನಿಲ್ಲ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯನ್ನು ಬರೆದವರಿಗೂ ಇದು ಗೊತ್ತಿತ್ತು. ಎರಡು ದಾಖಲೆಗಳಿಂದ ಒಂದೇ ಹ್ಯಾಶ್ ಪಡೆಯುವುದು ಲೆಕ್ಕ ಮಾಡಿ ಮುಗಿಸಲಾಗದಷ್ಟು ಕಷ್ಟವಾಗಿರಬೇಕು ಎಂಬ ಅರ್ಥದಲ್ಲೇ ವ್ಯಾಖ್ಯೆ ಕೊಟ್ಟಿದ್ದಾರೆ. ಎಷ್ಟು ಕಷ್ಟ? ಕಣ್ಣುಮುಚ್ಚಿ ಹುಡುಕುತ್ತ ಹೋದರೆ ಶಾ-256ಕ್ಕೆ ಒಂದು ಜೋಡಿ ಸಿಗಲು ಎರಡರ 128ನೇ ಘಾತದಷ್ಟು ಪ್ರಯತ್ನ ಬೇಕು. ಜಗತ್ತಿನ ಬಿಟ್‌ಕಾಯಿನ್ ಯಂತ್ರಗಳೆಲ್ಲ ಸೇರಿ ಒಂದು ಸೆಕೆಂಡಿಗೆ ಮಾಡುವ ಹ್ಯಾಶ್‌ಗಳ ಸಂಖ್ಯೆ ಈಚೆಗೆ ಒಂದರ ಮುಂದೆ 21 ಸೊನ್ನೆಯ ಆಸುಪಾಸಿಗೆ ಬಂದಿದೆ. ಆ ವೇಗದಲ್ಲಿ ಹೊರಟರೂ ಸುಮಾರು 1,080 ಕೋಟಿ ವರ್ಷ. ವಿಶ್ವದ ವಯಸ್ಸು 1,380 ಕೋಟಿ ವರ್ಷ ಎನ್ನುತ್ತಾರೆ.

ಹಾಗೆ ಕಣ್ಣುಮುಚ್ಚಿ ಹುಡುಕದೆ, ಗಣಿತದ ಒಳದಾರಿ ಹುಡುಕುವುದೇ ನಿಜವಾದ ಸಂಶೋಧನೆ. ಅಲ್ಲಿಂದಲೂ ಸುದ್ದಿ ಬರುತ್ತದೆ, ಮತ್ತು ಅದನ್ನು ಕನ್ನಡಕ್ಕೆ ತರುವಾಗಲೇ ಅತಿ ಹೆಚ್ಚು ಅನಾಹುತ ಆಗುತ್ತದೆ. ಶಾ-256 ಪ್ರತಿ ತುಂಡು ಸಂದೇಶವನ್ನು 64 ಹಂತಗಳಲ್ಲಿ ಕಲಸುತ್ತದೆ. ಸಂಶೋಧಕರು ಹಂತಗಳನ್ನು ಕಡಿಮೆ ಮಾಡಿಕೊಂಡು, ಎಷ್ಟು ಹಂತದವರೆಗೆ ಜೋಡಿ ಹುಡುಕಬಹುದು ಎಂದು ನೋಡುತ್ತಾರೆ. 2013ರಲ್ಲಿ 28 ಹಂತಕ್ಕೆ ನಿಜವಾದ ಜೋಡಿ ಸಿಕ್ಕಿತು. 2024ರಲ್ಲಿ 31 ಹಂತಕ್ಕೆ. ಮೂರು ಹಂತ ಮುಂದೆ ಹೋಗಲು ಹನ್ನೊಂದು ವರ್ಷ ಹಿಡಿಯಿತು, ಮತ್ತು ಅದು ಅಸಾಧಾರಣ ಸಾಧನೆ. ಆ ಪ್ರಬಂಧದ ಹೆಸರಿನಲ್ಲೇ 31 ಹಂತ ಎಂದು ಬರೆದುಕೊಂಡಿದ್ದಾರೆ, ಪ್ರಾಮಾಣಿಕರು. ಆ 31 ಎಂಬ ಅಂಕಿಯನ್ನು ಶೀರ್ಷಿಕೆಯಿಂದ ಕಿತ್ತು ಹಾಕಿದರೆ ಅವರು ಹೇಳದ ಮಾತನ್ನು ಅವರ ಬಾಯಲ್ಲಿ ಹೇಳಿಸಿದಂತಾಗುತ್ತದೆ. 64 ಹಂತದ ಪೂರ್ತಿ ಶಾ-256ಕ್ಕೆ ಯಾರೂ ಜೋಡಿ ತೋರಿಸಿಲ್ಲ.

ಕ್ವಾಂಟಮ್ ಕಂಪ್ಯೂಟರ್ ಬಂದರೆ ಎಲ್ಲ ಮುಗಿಯಿತು ಎನ್ನುವುದೂ ಆಗಾಗ ಬರುತ್ತದೆ. ಆರ್‌ಎಸ್‌ಎಗೆ ಆ ಭಯ ನಿಜವಾದದ್ದು. ಹ್ಯಾಶಿನ ವಿಷಯದಲ್ಲಿ ಕ್ವಾಂಟಮ್‌ನಿಂದ ಸಿಗುವ ಲಾಭ ಸೀಮಿತ. ಕೊಟ್ಟ ಹ್ಯಾಶಿಗೆ ಮೂಲ ಹುಡುಕಲು ಆಗಲೂ ಎರಡರ 128ನೇ ಘಾತದಷ್ಟು ಹೆಜ್ಜೆ ಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ನೀವು ಬರೆಯಬೇಕಾಗಿದ್ದೂ ಬರೆಯದೆ ಉಳಿದ ಒಂದು ಸುದ್ದಿ ನನ್ನ ಮೇಜಿನ ಮೇಲೆ ಪ್ರತಿದಿನ ಇರುತ್ತದೆ. ಸಾಕ್ಷ್ಯ ಅಧಿನಿಯಮದ ಪ್ರಮಾಣಪತ್ರದ ನಮೂನೆಯನ್ನು ತೆಗೆದು ನೋಡಿ. ಯಾವ ವಿಧಾನದಿಂದ ಹ್ಯಾಶ್ ಪಡೆದಿರಿ ಎಂಬ ಕಡೆ ಗುರುತು ಹಾಕಲು ಚೌಕಗಳಿವೆ: ಶಾ-1, ಶಾ-256, ಎಂಡಿ5, ಇತರೆ. ಒಡೆದ ಎರಡು, ಒಡೆಯದ ಒಂದು, ಮೂರಕ್ಕೂ ಒಂದೇ ಸಾಲಿನಲ್ಲಿ ಸಮಾನ ಜಾಗ. ಎಂಡಿ5ರ ಮೂಲಕ ಏನು ಮಾಡಬಹುದೆಂಬುದನ್ನು 2008ರಲ್ಲಿ ಸಂಶೋಧಕರು ಸುಮಾರು 200 ಪ್ಲೇಸ್ಟೇಷನ್ ವಿಡಿಯೊ ಆಟದ ಯಂತ್ರಗಳನ್ನು ಜೋಡಿಸಿ, ಜಾಲತಾಣಗಳ ನಂಬಿಕೆಯ ಬುಡದಲ್ಲಿರುವ ಪ್ರಮಾಣಪತ್ರವನ್ನೇ ನಕಲಿ ಮಾಡಿ ತೋರಿಸಿದರು. 2012ರಲ್ಲಿ ಪತ್ತೆಯಾದ ಫ್ಲೇಮ್ ಎಂಬ ಬೇಹುಗಾರಿಕೆ ತಂತ್ರಾಂಶ ಎಂಡಿ5ರ ಇದೇ ಬಿರುಕನ್ನು ಬಳಸಿ ಮೈಕ್ರೊಸಾಫ್ಟಿನ ಸಹಿ ಇದ್ದಂತೆ ನಟಿಸಿತ್ತು. ಶಾ-1 ಅನ್ನು 2030ರ ಕೊನೆಯೊಳಗೆ ಪೂರ್ತಿ ಬಿಡಬೇಕೆಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2022ರಲ್ಲೇ ಹೇಳಿದೆ.

ಇಲ್ಲೂ ಅಳತೆ ತಪ್ಪಬಾರದು. ಎಂಡಿ5 ಹಾಕಿದ ಹಳೆಯ ಸಾಕ್ಷ್ಯವೆಲ್ಲ ಕಸ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಬೇರೆಯವರು ಮಾಡಿಟ್ಟ ಒಂದು ಕಡತಕ್ಕೆ ಅದೇ ಎಂಡಿ5 ಬರುವ ಇನ್ನೊಂದು ಕಡತವನ್ನು ಆಮೇಲೆ ಹುಡುಕಲು ಇಂದಿಗೂ ಯಾರಿಗೂ ಸಾಧ್ಯವಾಗಿಲ್ಲ. ಸಾಧ್ಯವಿರುವುದು, ಒಬ್ಬನೇ ಮೊದಲಿಂದಲೇ ಎರಡೂ ಕಡತಗಳನ್ನು ಹೊಂದಿಸಿಕೊಂಡು ತಯಾರಿಸುವುದು: ಒಂದನ್ನು ಇಂದು ತೋರಿಸಿ, ನಾಳೆ ಇನ್ನೊಂದನ್ನು ತಂದು ನಿಲ್ಲಿಸುವುದು. ಒಪ್ಪಂದದ ಪತ್ರಗಳಲ್ಲಿ, ಆರೋಪಿಯೇ ಸಲ್ಲಿಸುವ ಕಡತಗಳಲ್ಲಿ ಈ ಅಪಾಯ ನಿಜ. ಆದ್ದರಿಂದ ನಾನು ತರಬೇತಿಯಲ್ಲಿ ಎಲ್ಲರಿಗೂ ಶಾ-256 ಚೌಕಕ್ಕೇ ಗುರುತು ಹಾಕಿ ಎನ್ನುತ್ತೇನೆ. ಹಾಗೆ ಹೇಳಿದ ಮಾರನೆಯ ದಿನ ‘ಶಾ-256 ಛಿದ್ರ’ ಎಂಬ ಶೀರ್ಷಿಕೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದರೆ, ‘ಎಲ್ಲವೂ ಒಡೆದಿವೆಯಂತೆ, ಹಳೆಯದೇ ಇರಲಿ ಬಿಡಿ ಸಾರ್’ ಎನ್ನುತ್ತಾರೆ. ಒಡೆಯದ ಬೀಗ ಬಿಟ್ಟು ಒಡೆದ ಬೀಗಕ್ಕೇ ಮರಳುತ್ತಾರೆ. ಆಧಾರವಿಲ್ಲದ ಒಂದು ಸುದ್ದಿಯಿಂದ ಆಗುವ ಹಾನಿ ಇದು, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ಕೋರಿಕೆ ದೊಡ್ಡದಲ್ಲ. ಇಂಥ ಹೇಳಿಕೆ ಬಂದಾಗ ಎರಡು ಕಡತ ಕೇಳಿ. ಕೊಡದಿದ್ದರೆ ‘ಪುರಾವೆ ಕೊಟ್ಟಿಲ್ಲ’ ಎಂಬ ಮಾತು ಶೀರ್ಷಿಕೆಯಲ್ಲೇ ಇರಲಿ, ಹನ್ನೆರಡನೆಯ ಪ್ಯಾರಾದಲ್ಲಿ ಬೇಡ. ಹಂತ ಕಡಿಮೆ ಮಾಡಿ ಪಡೆದ ಫಲಿತಾಂಶವಾದರೆ ಎಷ್ಟರಲ್ಲಿ ಎಷ್ಟು ಹಂತ ಎಂದು ಬರೆಯಿರಿ. ಈಗಾಗಲೇ ಪ್ರಕಟಿಸಿದ ತಪ್ಪು ಸುದ್ದಿಯಿದ್ದರೆ ಅದರ ಮೇಲೇ ತಿದ್ದುಪಡಿ ಹಾಕಿ. ವಕೀಲರು ಮುದ್ರಿಸಿಕೊಂಡು ಬರುವುದು ಆ ಹಳೆಯ ಪುಟವನ್ನೇ.

ನಿಜವಾದ ಜೋಡಿ ನಿಮ್ಮ ಕೈಗೆ ಬಂದರೆ, ಅದನ್ನು ಕಳಿಸಿದವರು ಹಾವೇರಿಯ ಕಾಲೇಜು ವಿದ್ಯಾರ್ಥಿನಿಯೇ ಆಗಿರಲಿ, ಸಂಬಳವಿಲ್ಲದೆ ಮನೆಯಲ್ಲಿ ಕುಳಿತು ಲೆಕ್ಕ ಹಾಕುವವರೇ ಆಗಿರಲಿ, ರಾತ್ರಿ ಎಷ್ಟು ಹೊತ್ತಾಗಿದ್ದರೂ ನನಗೆ ತಿಳಿಸಿ. ಎದ್ದು ಕುಳಿತು ಎರಡೂ ಕಡತಗಳ ಹ್ಯಾಶ್ ತೆಗೆಯುತ್ತೇನೆ, 64 ಅಕ್ಷರಗಳನ್ನು ನಾಲ್ಕು ನಾಲ್ಕಾಗಿ ಓದಿ ತಾಳೆ ನೋಡುತ್ತೇನೆ. ತಾಳೆಯಾದರೆ ನಿಮ್ಮ ಮುಖಪುಟದ ಸುದ್ದಿಗೆ ನನ್ನ ಹೆಸರು ಹಾಕಿ ದೃಢೀಕರಿಸುತ್ತೇನೆ, ಮರುದಿನ ಬೆಳಿಗ್ಗೆ ಆ ನ್ಯಾಯಾಲಯಕ್ಕೂ ನಾನೇ ಹೋಗಿ ಹೇಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಡಿಜಿಟಲ್ ಸಾಕ್ಷ್ಯ ಪರಿಶೀಲಕ